ಅತ್ತೆಯ ಹುಳಿನೀರಿನ ಜಾಡಿಗಳು

ನನ್ನ ಕೆಲಸ ಎಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವಳು ಭಾರಿ ನಾಜೂಕಿನವಳು, ಸಣ್ಣಪುಟ್ಟದ್ದಕ್ಕೆಲ್ಲ ಮೂಗು ಮುರಿಯುವವಳು ಎಂದು ನೀವು ಅಂದುಕೊಂಡೀರಿ. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗ್ಗೆ ಎದ್ದು ಜನ ಸಣ್ಣ ಸಣ್ಣ ಡಬ್ಬಿಗಳಲ್ಲಿ ನಾಚಿಕೊಂಡು ತಂದುಕೊಡುವುದನ್ನೆಲ್ಲ ಇಸಿದುಕೊಂಡು, ಚೀಟಿ ಅಂಟಿಸಿ, ಪರೀಕ್ಷೆ ಮಾಡಿ, ಅದರ ಪಕ್ಕದ ಕೋಣೆಯಲ್ಲೇ ಕೂತು ನೆಮ್ಮದಿಯಾಗಿ ಊಟ ಮಾಡುತ್ತೇನೆ. ಹೇಸಿಗೆ ನನ್ನ ಪಾಲಿಗೆ ಅನ್ನ ಕೊಡುವ ವಸ್ತು. ಆದರೆ ಅಲ್ಲಿ ಡಬ್ಬಿಗೆ ಮುಚ್ಚಳವಿರುತ್ತದೆ, ಕೈಗೆ ಗವಸಿರುತ್ತದೆ, ಸಂಜೆಯಾದರೆ ಎಲ್ಲವೂ ಕಟ್ಟಡದಿಂದ ಹೊರಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆ ಭಾಗ್ಯ ಒಂದೂ ಇರಲಿಲ್ಲ.

ನಮ್ಮದು ಮೂರನೇ ಮಹಡಿಯ ಮನೆ. ಒಂದು ಹಾಲ್, ಒಂದು ಮಲಗುವ ಕೋಣೆ, ಇಬ್ಬರು ನಿಂತರೆ ಬೆನ್ನಿಗೆ ಬೆನ್ನು ತಾಗುವ ಅಡುಗೆಮನೆ. ಆ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ನನ್ನ ಅತ್ತೆಯ ಜಾಡಿಗಳು ಸಾಲಾಗಿ ಕೂತಿದ್ದವು. ಒಂದರಲ್ಲಿ ಕಿತ್ತಳೆ ಸಿಪ್ಪೆ ಕೊಳೆತು ಕಂದುಬಣ್ಣಕ್ಕೆ ತಿರುಗಿದ ನೀರು, ಮೇಲೆ ಬಿಳಿ ಪೊರೆ. ಇನ್ನೊಂದರಲ್ಲಿ ಈರುಳ್ಳಿ ಸಿಪ್ಪೆ. ಮತ್ತೊಂದರಲ್ಲಿ ಏನೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಅದು ತಾನಾಗಿಯೇ ಗುಳುಗುಳು ಎನ್ನುತ್ತಿತ್ತು. ಒಲೆಯ ಮುಂದೆ ನಿಂತು ಹಾಲು ಕಾಯಿಸುವಾಗ ಅದರ ಗುಳ್ಳೆಗಳು ಒಡೆಯುವುದು ಕಿವಿಗೆ ಬೀಳುತ್ತಿತ್ತು.

ಇದೆಲ್ಲ ಶುರುವಾದದ್ದು ನನ್ನ ಮಗಳು ಹುಟ್ಟಿದ ಮೇಲೆ. ಆಸ್ಪತ್ರೆಯಿಂದ ಮಗುವನ್ನು ಕರೆತಂದ ವಾರವೇ ಅತ್ತೆ ಫಿನಾಯಿಲ್ ಬಾಟಲಿಯನ್ನೂ ಬ್ಲೀಚಿಂಗ್ ಪುಡಿಯನ್ನೂ ಎತ್ತಿ ಬಾಗಿಲ ಹೊರಗಿಟ್ಟರು.

"ನಾಳೆ ಮಗು ತೆವಳೋ ನೆಲ ಇದು. ಇದಕ್ಕೆ ವಿಷ ಹಾಕ್ತೀರಾ?" ಎಂದರು. "ಬಾಯಿಗೆ ಹಾಕ್ಕೊಳ್ಳೋ ವಸ್ತುವಿಂದಲೇ ನೆಲ ತೊಳೀಬೇಕು. ಅಡುಗೆಮನೇಲಿ ಏನಿಲ್ಲ ಹೇಳು?"

ಮಾತು ಸರಿಯಾಗಿಯೇ ಇತ್ತು. ಮೊದಮೊದಲು ಕೆಲಸವೂ ಸರಿಯಾಗಿಯೇ ನಡೆಯಿತು. ಅರ್ಧ ಹೋಳು ನಿಂಬೆಯನ್ನು ಉಪ್ಪಿಗೆ ಅದ್ದಿ ನಲ್ಲಿ ಉಜ್ಜಿದರೆ ನಲ್ಲಿಯಲ್ಲಿ ಮುಖ ಕಾಣುತ್ತಿತ್ತು. ವಿನೆಗರ್ ಹಾಕಿ ಕುದಿಸಿದ ಕೆಟಲಿನ ತಳದಿಂದ ಸುಣ್ಣದ ಪದರ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಸಿಂಕಿಗೆ ಅಡುಗೆ ಸೋಡಾ, ಕಿಟಕಿಗಾಜಿಗೆ ವಿನೆಗರ್ ನೀರು ಮತ್ತು ಹಳೇ ಪೇಪರ್. ಕಿತ್ತಳೆ ಸಿಪ್ಪೆಗೆ ಸಕ್ಕರೆ ನೀರು ಹಾಕಿ ವಾರಗಟ್ಟಲೆ ಕೊಳೆಸಿ ಸೋಸಿದ ನೀರಿನಿಂದ ನೆಲ ಒರೆಸಿದಾಗ ಮನೆಗೊಂದು ಹುಳಿ ಮಿಶ್ರಿತ ಪರಿಮಳವಿತ್ತು, ಸುಳ್ಳು ಹೇಳಬಾರದು. ಬಂದವರೆಲ್ಲ ಹೊಗಳಿದರು. ಅತ್ತೆ ಮಾತ್ರ ಸಪ್ಪಗೆ "ಹೌದಾ? ಚೆನ್ನಾಗಿದೆಯಾ?" ಎಂದು ಕೇಳುತ್ತ ಕೂತಿದ್ದರು. ಹೊಗಳಿಕೆಗೆ ಹಿಗ್ಗದವರು ಎಂದುಕೊಂಡೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅವರಿಗೆ ಕಿತ್ತಳೆ ಸಾಲಲಿಲ್ಲ. ಈರುಳ್ಳಿ ಸಿಪ್ಪೆಗೆ ಇಳಿದರು. ಈರುಳ್ಳಿ ನೀರಿನಿಂದ ಒರೆಸಿದ ನೆಲದ ಮೇಲೆ ನಡೆಯುವುದೆಂದರೆ ಯಾರದೋ ಕಂಕುಳಿನಲ್ಲಿ ನಡೆದಾಡಿದ ಹಾಗೆ. ಆಮೇಲೆ ಬೆಳ್ಳುಳ್ಳಿ ಸೇರಿಸಿದರು. ಆಮೇಲೆ ಕೋಸಿನ ಹೊರಎಲೆ. ಕೊಳೆತ ಕೋಸು ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಪುಣ್ಯವಂತರು, ಅವರು ಹಾಗೆಯೇ ಇರಲಿ. ಆ ನೀರನ್ನು ಅತ್ತೆ ಬಚ್ಚಲು ತೊಳೆಯಲು ಬಳಸುತ್ತಿದ್ದರು. ತೊಳೆಯುವ ಮುಂಚೆ ಬಚ್ಚಲಿಗೆ ಬಚ್ಚಲಿನ ವಾಸನೆ ಮಾತ್ರ ಇರುತ್ತಿತ್ತು. ತೊಳೆದ ಮೇಲೆ ಬಾಗಿಲು ತೆರೆಯಲೂ ಆಗುತ್ತಿರಲಿಲ್ಲ.

ಬಟ್ಟೆಗೆ ಹಿಡಿಯಿತು. ಪರದೆಗೆ ಹಿಡಿಯಿತು. ದಿಂಬಿನ ಮೇಲೆ ತಲೆಯಿಟ್ಟರೆ ದಿಂಬಿನೊಳಗಿಂದ ಬಂತು. ಬ್ರೆಡ್ಡಿನ ಪೊಟ್ಟಣ ಬಿಡಿಸಿದರೆ ಅದರಲ್ಲೂ ಇತ್ತು. ನಿಂಬೆಹಣ್ಣು ಕಂಡರೆ ನನಗೆ ಕಕ್ಕಸಿನ ಬ್ರಷ್ ನೆನಪಾಗುತ್ತಿತ್ತು, ನೀರಿಗೆ ಹಿಂಡಿಕೊಂಡು ಕುಡಿಯುವುದನ್ನೇ ಬಿಟ್ಟೆ. ಹೆರಿಗೆಯಾದ ಮೇಲೆ ನನ್ನ ಮೂಗು ಮೊದಲೇ ಚುರುಕಾಗಿತ್ತು, ಅದರ ಮೇಲೆ ಈ ಶಿಕ್ಷೆ.

ನನ್ನ ಗಂಡ ಬಸ್ ಡ್ರೈವರ್. ಇಡೀ ದಿನ ಡೀಸೆಲ್ ಹೊಗೆ ಕುಡಿದು ಮನೆಗೆ ಬರುವ ಆ ಮನುಷ್ಯನೇ ಹೊಸಿಲು ದಾಟಿದ ಕೂಡಲೇ ಒಂದು ಹೆಜ್ಜೆ ಹಿಂದೆ ಇಡುತ್ತಿದ್ದ. ಆದರೆ ಅಮ್ಮನ ಮುಂದೆ ಬಾಯಿಗೆ ಬೀಗ.

"ಹೇಗಿದೆ ಇವತ್ತಿನದು?" ಎಂದು ಅತ್ತೆ ಕೇಳಿದರೆ, "ಭೇಷಾಗಿದೆ ಅಮ್ಮ" ಎಂದು ಉಸಿರು ಬಿಗಿಹಿಡಿದು ಹೇಳಿ, ನೇರವಾಗಿ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದ. ನಾನು ಬೆನ್ನಹಿಂದೆಯೇ ಹೋಗಿ ರೇಗುತ್ತಿದ್ದೆ.

"ಹೇಳ್ರೀ ನಿಮ್ಮಮ್ಮಂಗೆ."

"ನೀನೇ ಹೇಳು."

"ನಾನು ಹೇಳಿದ್ರೆ ಸೊಸೆ ಹೇಳಿದಳು ಅಂತಾಗತ್ತೆ."

"ನಾನು ಹೇಳಿದ್ರೆ ಅಳ್ತಾರೆ. ಮೊಮ್ಮಗಳಿಗೋಸ್ಕರ ಮಾಡ್ತಿದ್ದಾರೆ ಕಣೆ, ಪಾಪ."

ಪಾಪ! ಆ ಪಾಪವೆಲ್ಲ ನನ್ನ ಮೂಗಿಗೇ ಬಂದು ಸೇರುತ್ತಿತ್ತು.

ನಾನು ಬಾಯಿ ಬಿಗಿಹಿಡಿದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದೇ ನಿಜವಾದ ಕಾರಣ. ನನ್ನ ರಜೆ ಮುಗಿಯುತ್ತ ಬಂದಿತ್ತು. ಬರುವ ಸೋಮವಾರ ಲ್ಯಾಬಿಗೆ ಹೋಗಲೇಬೇಕು, ಇನ್ನು ಒಂದು ದಿನವೂ ರಜೆಯಿಲ್ಲ, ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ನಮ್ಮ ಮೇಡಂ ಫೋನಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಗಂಡ ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಮಗುವನ್ನು ನೋಡಿಕೊಳ್ಳಲು ಇದ್ದವರು ಅತ್ತೆ ಒಬ್ಬರೇ. ಅವರು ಮುನಿಸಿಕೊಳ್ಳುವ ಹಾಗೆ ಮಾಡಿದರೆ ನನ್ನ ಕೆಲಸ ಹೋಯಿತು. ಮಾಡದಿದ್ದರೆ ನನ್ನ ಮಗಳು ಕೊಳೆತ ಕೋಸಿನ ನೀರು ಸವರಿದ ನೆಲದ ಮೇಲೆ ತೆವಳಬೇಕು. ದಿನವೂ ಇದನ್ನೇ ತೂಗಿ ತೂಗಿ ತಲೆ ಚಿಟ್ಟು ಹಿಡಿದಿತ್ತು.

ಬೆಳಗ್ಗೆ ಅತ್ತೆ ಜಾಡಿಗಳ ಮುಚ್ಚಳ ತೆಗೆದು ಗಾಳಿ ಬಿಡುತ್ತಿದ್ದರು. ಬಿಡದಿದ್ದರೆ ಒಳಗಿನ ಗಾಳಿ ಉಬ್ಬಿ ಜಾಡಿ ಒಡೆಯುತ್ತದಂತೆ. ಆ ಹೊತ್ತಿಗೆ ನಾನು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಗೆ ಓಡುತ್ತಿದ್ದೆ. ಓಡುವ ಮುಂಚೆ ಒಂದೆರಡು ಸಲ ನೋಡಿದ್ದೇನೆ. ಅತ್ತೆ ಮುಚ್ಚಳ ತೆಗೆದು, ಜಾಡಿಯ ಬಾಯಿಗೆ ಮುಖವನ್ನೇ ಇಟ್ಟು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಮುಳ್ಳೇಳುತ್ತಿತ್ತು. ತಾನು ಮಾಡಿದ ಕೊಳಕನ್ನು ಅತ್ತರಿನ ಹಾಗೆ ಮೂಸುವ ಹೆಂಗಸಿಗೆ ಏನೆನ್ನಬೇಕು?

ಒಂದು ಮಧ್ಯಾಹ್ನ ಕೆಳಮನೆಯ ಮೇಷ್ಟ್ರು ಮೇಲೆ ಬಂದರು. ಶಾಲೆಯಿಂದ ನಿವೃತ್ತರಾದ ಒಂಟಿ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟಾರ್ಚು. ಬಾಗಿಲಲ್ಲೇ ನಿಂತು ಬಹಳ ಸಂಕೋಚದಿಂದ, "ತಪ್ಪು ತಿಳೀಬೇಡಿ. ಗೋಡೆ ಸಂದೀಲಿ ಇಲಿ ಏನಾದ್ರೂ ಸತ್ತಿದೆಯಾ ಅಂತ ನೋಡೋಣ ಅಂತ ಬಂದೆ. ನಮ್ಮ ಬಚ್ಚಲಿನ ಮೇಲ್ಗಡೆಯಿಂದ ಬರ್ತಿದೆ" ಎಂದರು.

ನನಗೆ ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಡಬೇಕೆನಿಸಿತು. ಕೊನೆಗೂ ಒಬ್ಬ ಸಾಕ್ಷಿ!

ಅತ್ತೆ ಎದ್ದು ನಿಂತರು. "ಇಲಿ? ನಮ್ಮನೇಲಿ?" ಬಚ್ಚಲ ಬಾಗಿಲು ತೆರೆದು, ಒಳಗೆ ತಲೆ ಹಾಕಿ, ಸೊರಸೊರ ಎಂದು ಮೂಸಿದರು. ಬಾಗಿಲು ತೆರೆದ ಗಾಳಿಗೆ ಮೇಷ್ಟ್ರು ಕರ್ಚೀಫು ಹುಡುಕಿದರು. ನಾನು ಮಗುವಿನ ಮುಖವನ್ನು ಹೆಗಲಿಗೆ ಒತ್ತಿಕೊಂಡೆ. ಅತ್ತೆ ತಲೆ ಹೊರಗೆ ತೆಗೆದು, "ಏನೂ ಇಲ್ವಲ್ಲ ಮೇಷ್ಟ್ರೇ" ಎಂದರು.

"ಏನೂ ಇಲ್ವಾ?"

"ಸಿಪ್ಪೆ ನೀರಲ್ಲಿ ತೊಳೆದಿದೀನಿ. ಒಂದು ಚೂರೂ ಇಲ್ಲ. ನಿಮ್ಮ ಮೂಗನ್ನ ಡಾಕ್ಟರಿಗೆ ತೋರಿಸಿ."

ಮೇಷ್ಟ್ರ ಮುಖ ಕೆಂಪಾಯಿತು. "ನಲವತ್ತು ಹುಡುಗರಿರೋ ತರಗತೀಲಿ ಯಾರ ಬ್ಯಾಗಲ್ಲಿ ಹಳಸಿದ ಬುತ್ತಿ ಇದೆ ಅಂತ ಬಾಗಿಲಲ್ಲೇ ಹೇಳ್ತಿದ್ದ ಮೂಗು ಇದು" ಎಂದು ಹೇಳಿ, ಟಾರ್ಚನ್ನು ಆರಿಸುವುದನ್ನೂ ಮರೆತು ಧಡಧಡ ಇಳಿದು ಹೋದರು. ನಾನು ಅತ್ತೆಯ ಮುಖ ನೋಡಿದೆ. ಕಣ್ಣೆದುರು ಸುಳ್ಳು ಹೇಳಿ ಇಷ್ಟು ಗಟ್ಟಿಯಾಗಿ ನಿಂತವರನ್ನು ನಾನು ಕಂಡಿರಲಿಲ್ಲ. ಎಂಥ ಹಟಮಾರಿ ಹೆಂಗಸಪ್ಪ ಎಂದು ಒಳಗೊಳಗೇ ಕುದ್ದೆ.

ಅದಾದ ಮೇಲೆ ಬಂದದ್ದು ಮೊಟ್ಟೆ ಚಿಪ್ಪು. ಚಿಪ್ಪನ್ನು ಒಣಗಿಸಿ ಪುಡಿ ಮಾಡಿದರೆ ಸೀದ ಪಾತ್ರೆ ಉಜ್ಜಲು ಒಳ್ಳೆಯದು, ಅದು ನನಗೂ ಗೊತ್ತು. ಆದರೆ ಅತ್ತೆ ತೊಳೆಯಲಿಲ್ಲ, ಒಣಗಿಸಲಿಲ್ಲ. ಒಳಗಿನ ಲೋಳೆ ಹಾಗೇ ಅಂಟಿಕೊಂಡಿದ್ದ ಚಿಪ್ಪುಗಳನ್ನು ಕೋಸಿನ ನೀರಿನ ಜಾಡಿಗೇ ಹಾಕಿ ಬಿಸಿಲಿಗೆ ಇಟ್ಟರು. ಅದು ಏನನ್ನು ತೊಳೆಯಲು ಎಂದು ಕೇಳಿದೆ. "ಎಲ್ಲದಕ್ಕೂ ಆಗತ್ತೆ" ಎಂದರು. ಆ ವಾಸನೆಯನ್ನು ನಾನು ಈಗ ವರ್ಣಿಸುವುದಿಲ್ಲ, ಮುಂದೆ ಹೇಗೂ ಹೇಳಬೇಕಾಗುತ್ತದೆ.

ಶುಕ್ರವಾರ ಡ್ಯೂಟಿಯ ಪಾಳಿ ಗೊತ್ತುಮಾಡಿಕೊಂಡು ಬರಲು ಲ್ಯಾಬಿಗೆ ಹೋದೆ. ಮಗುವನ್ನು ಮೊದಲ ಸಲ ಅತ್ತೆಯ ಬಳಿ ಒಂದಿಷ್ಟು ಹೊತ್ತು ಬಿಟ್ಟು ನೋಡಿದ ಹಾಗೂ ಆಯಿತು ಎಂಬ ಲೆಕ್ಕಾಚಾರ. ಹಾಲು ಕಾಯಿಸಿಟ್ಟು, ಬಟ್ಟೆ ಮಡಚಿಟ್ಟು ಹೋದೆ. ಅಲ್ಲಿ ಕೆಲಸ ಬೇಗ ಮುಗಿಯಿತು. ಲ್ಯಾಬಿನ ಗಾಳಿ ಎಷ್ಟು ಸ್ವಚ್ಛವಾಗಿತ್ತೆಂದರೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಬಾಗಿಲು ತೆರೆದೆ. ಹಾಲಿನಲ್ಲಿ ಯಾರೂ ಇರಲಿಲ್ಲ. ಜಾಡಿಗಳ ವಾಸನೆಯ ಮೇಲೆ ಇನ್ನೊಂದು ವಾಸನೆ ಕೂತಿತ್ತು, ಅದು ಯಾವುದೆಂದು ನನಗೆ ತಕ್ಷಣ ಗೊತ್ತಾಯಿತು. ಅಡುಗೆಮನೆಗೆ ಹೋದೆ.

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮುಂದೆ ಜಾಡಿಗಳೆಲ್ಲ ಬಾಯಿ ತೆರೆದು ನಿಂತಿದ್ದವು. ಮಡಿಲಲ್ಲಿ ನನ್ನ ಮಗಳು. ಅವಳು ಯಾವಾಗಲೋ ಹೇತುಕೊಂಡಿದ್ದಳು. ಬಟ್ಟೆ ದಾಟಿ, ತೊಡೆ ದಾಟಿ, ಅತ್ತೆಯ ಉಡುಪಿನ ಮೇಲೆಲ್ಲ ಹರಡಿ, ಅಂಚಿನಲ್ಲಿ ಒಣಗಲು ಶುರುವಾಗಿತ್ತು. ಮಗು ಅದರಲ್ಲೇ ಕೈಯಾಡಿಸಿ ಹೊಟ್ಟೆಗೆ ಬಳಿದುಕೊಂಡಿತ್ತು. ಅತ್ತೆ ಅದರ ಕೆನ್ನೆಗೆ ಕೆನ್ನೆ ಒತ್ತಿ ಏನೋ ಗುನುಗುತ್ತಿದ್ದರು. ಹಾಗೆ ಗುನುಗುತ್ತಲೇ ಬಲಗೈ ಚಾಚಿ, ಮೊಟ್ಟೆ ಚಿಪ್ಪಿನ ಜಾಡಿಗೆ ಬೆರಳದ್ದಿ, ಆ ಬೆರಳನ್ನು ಬಾಯಿಗೆ ಇಟ್ಟುಕೊಂಡು ಚೀಪಿದರು.

ನಾನು ಕಿರುಚಿದೆ. ಕಿರುಚಿದೆನೋ ಓಕರಿಸಿದೆನೋ ಗೊತ್ತಿಲ್ಲ, ಎರಡೂ ಒಟ್ಟಿಗೇ ಬಂದವು. ಮಗುವನ್ನು ಕಸಿದುಕೊಂಡು ಬಚ್ಚಲಿಗೆ ಓಡಿದೆ. ತೊಳೆಯುವಾಗ ನೋಡಿದರೆ ತೊಡೆಸಂದಿಯೆಲ್ಲ ಕೆಂಪು. ಮಗು ಚೀರಿತು. ನಾನೂ ಅಳುತ್ತಲೇ ತೊಳೆದೆ, ಬಾಯಿಗೆ ಬಂದ ಹಾಗೆ ಬೈಯುತ್ತಲೇ ತೊಳೆದೆ. ಕೊಳಕು ಹೆಂಗಸು, ಹೇಸಿಗೆ ಹೆಂಗಸು, ನನ್ನ ಮಗಳನ್ನು ಇವರ ಕೈಗೆ ಕೊಟ್ಟರೆ ನಾನು ತಾಯಿಯೇ ಅಲ್ಲ, ಕೆಲಸ ಹಾಳಾಗಿ ಹೋಗಲಿ. ಇದನ್ನೆಲ್ಲ ಗಟ್ಟಿಯಾಗಿಯೇ ಅಂದೆ.

ಮಗುವಿಗೆ ಬಟ್ಟೆ ಸುತ್ತಿ ಬಂದಾಗ ಅತ್ತೆ ಎದ್ದಿರಲಿಲ್ಲ. ತಮ್ಮ ಮಡಿಲನ್ನು ನೋಡುತ್ತಿದ್ದರು, ಯಾರೋ ಬೇರೆಯವರ ಮಡಿಲನ್ನು ನೋಡುವ ಹಾಗೆ.

"ಎಷ್ಟು ಹೊತ್ತಾಗಿತ್ತು?" ಎಂದರು.

"ನನ್ನ ಕೇಳ್ತೀರಾ? ಮೆಟ್ಟಿಲವರೆಗೂ ಬರ್ತಿದೆ! ಕೆಳಮನೆ ಮೇಷ್ಟ್ರಿಗೆ ಗೊತ್ತಾಗಿರತ್ತೆ! ನಿಮಗೆ ಗೊತ್ತಾಗ್ಲಿಲ್ವಾ? ನಿಮ್ಮ ಮೂಗಿಗೇನು ಬಂದಿದೆ ಅತ್ತೆ?"

"ಏನೂ ಬರಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ.

"ಮೂಗಿಗೆ ಏನೂ ಬರಲ್ಲ ಕಣೆ. ನೀನು ಬಸುರಿಯಾಗಿದ್ದಾಗ ನಂಗೆ ಜ್ವರ ಬಂತಲ್ಲ, ಆವತ್ತಿಂದ. ಜ್ವರ ಹೋಯ್ತು, ವಾಸನೇನೂ ಹೋಯ್ತು. ಡಾಕ್ಟರು ಬರತ್ತೆ, ಕಾಯಿರಿ ಅಂದ್ರು. ಕಾದೆ. ಕಾಫಿ ಇಲ್ಲ, ಸಾಬೂನಿಲ್ಲ, ಸೀದಿದ್ದಿಲ್ಲ, ಏನೂ ಇಲ್ಲ. ನಾಲಗೇಲಿ ಹುಳಿ ಗೊತ್ತಾಗತ್ತೆ, ಉಪ್ಪು ಗೊತ್ತಾಗತ್ತೆ, ಅಷ್ಟೆ. ಅದಕ್ಕೇ ನೆಕ್ಕಿ ನೋಡ್ತೀನಿ, ಹುಳಿ ಬಂತೋ ಇಲ್ವೋ ಅಂತ."

ನಾನು ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದೆ. ಮಗುವಿನ ಬಟ್ಟೆಯನ್ನು ಅವರು ಹೊತ್ತುಹೊತ್ತಿಗೂ ಬಿಚ್ಚಿ ಬಿಚ್ಚಿ ನೋಡುತ್ತಿದ್ದದ್ದು ನೆನಪಾಯಿತು. ಸುಮ್ಮನೆ ಮಲಗಿರುವ ಮಗುವನ್ನು ಯಾಕೆ ಎಬ್ಬಿಸುತ್ತಾರೋ ಎಂದು ನಾನು ಗೊಣಗಿದ್ದೆ. ಅವರು ಕಣ್ಣಿನಿಂದ ಮೂಗಿನ ಕೆಲಸ ಮಾಡುತ್ತಿದ್ದರು. ಇವತ್ತು ಜಾಡಿಗಳಲ್ಲಿ ಮುಳುಗಿ ನೋಡುವುದು ತಪ್ಪಿಹೋಗಿತ್ತು.

"ಯಾಕೆ ಹೇಳ್ಲಿಲ್ಲ?"

"ಮೂಗು ಸತ್ತಿರೋಳ ಕೈಗೆ ಯಾರಾದ್ರೂ ಕೂಸು ಕೊಡ್ತಾರಾ? ನೀನು ಲ್ಯಾಬಿನವಳು, ನೀನೇ ಹೇಳು."

ಹೇಳಬೇಕಾದದ್ದನ್ನು ಆಗಲೇ ಬಚ್ಚಲಲ್ಲಿ ಗಟ್ಟಿಯಾಗಿ ಹೇಳಿಬಿಟ್ಟಿದ್ದೆ.

"ಹಾಗಾದ್ರೆ ಈ ಜಾಡಿಗಳು ಯಾಕೆ? ಮನೇಲಿ ಬೇರೆಯವರಿಗೆ ಮೂಗಿದೆ ಅಂತ ಗೊತ್ತಿರಲಿಲ್ವಾ?"

ಅತ್ತೆ ಜಾಡಿಗಳ ಕಡೆ ನೋಡಿದರು. "ಮೊದಲು ಮಗುವಿಗೇ ಮಾಡಿದ್ದು, ಸುಳ್ಳಲ್ಲ. ಆಸ್ಪತ್ರೇಲಿ ನರ್ಸು ಇವಳನ್ನ ತಂದು ನನ್ನ ಕೈಗೆ ಕೊಟ್ಳಲ್ಲ, ನೆತ್ತಿ ಮೂಸಿದೆ. ಎಲ್ಲ ಅಜ್ಜಿಯರೂ ಮಾಡೋದು ಅದೇ ತಾನೆ. ಏನೂ ಬರ್ಲಿಲ್ಲ. ಬಟ್ಟೆ ಗಂಟು ಮೂಸಿದ ಹಾಗಾಯ್ತು. ಮನೆಗೆ ಬಂದು ಕಿತ್ತಳೆ ಸಿಪ್ಪೆ ಹಾಕಿದೆ. ಎಲ್ಲರೂ ಘಮಘಮ ಅಂದ್ರು, ನಂಗೆ ಬರ್ಲಿಲ್ಲ. ಇನ್ನೂ ಜೋರಾಗಿದ್ರೆ ಬರಬಹುದೇನೋ ಅಂತ ಈರುಳ್ಳಿ ಹಾಕಿದೆ. ಅದೂ ಇಲ್ಲ. ಬೆಳ್ಳುಳ್ಳಿ ಹಾಕಿದೆ. ಕೋಸು ಹಾಕಿದೆ. ಎಷ್ಟು ಕೆಟ್ಟದಾದ್ರೆ ಮೂಗು ತೆರೆಯತ್ತೆ ಅಂತ ನೋಡ್ತಾ ಹೋದೆ. ಮೊನ್ನೆ ಮೊಟ್ಟೆ ಜಾಡಿ ತೆಗೆದಾಗ ಒಂದು ಕ್ಷಣ ಏನೋ ಬಂದ ಹಾಗಾಯ್ತು. ಸಂತೋಷಕ್ಕೆ ಅಳು ಬಂತು ನೋಡು. ಆಮೇಲೆ ಮತ್ತೆ ಇಲ್ಲ. ಇವತ್ತು ಅದನ್ನೇ ಹುಡುಕ್ತಾ ಕೂತಿದ್ದೆ."

ನಮ್ಮ ಮನೆಯಲ್ಲಿ ಇಷ್ಟು ದಿನ ತೊಳೆಯುವ ಕೆಲಸವೇ ನಡೆದಿರಲಿಲ್ಲ. ಒಬ್ಬ ಹೆಂಗಸು ಕೊಳೆತದ್ದನ್ನೆಲ್ಲ ತಂದು ತನ್ನ ಮೂಗಿನ ಬಾಗಿಲು ಬಡಿಯುತ್ತಿದ್ದಳು. ನಾನು ಅದರೊಳಗೆ ಉಂಡು, ಮಲಗಿ, ಮಗುವಿಗೆ ಹಾಲು ಕುಡಿಸಿದ್ದೆ. ನನಗೆ ಮರುಕ ಬಂತೇ ಎಂದರೆ, ಆ ಕ್ಷಣಕ್ಕೆ ಬರಲಿಲ್ಲ. ಬಂದದ್ದು ಸಿಟ್ಟು. ಮುಚ್ಚಿಟ್ಟದ್ದಕ್ಕೆ ಸಿಟ್ಟು, ಮಗುವಿನ ಕೆಂಪಾದ ತೊಡೆಗೆ ಸಿಟ್ಟು, ಆ ಚೀಪಿದ ಬೆರಳಿಗೆ ಸಿಟ್ಟು. ಆ ಬೆರಳು ಎಷ್ಟು ಸಲ ನನ್ನ ಮಗಳ ಬಾಯಿಗೆ ಹೋಗಿತ್ತೋ.

"ಮೊದಲು ಕೈ ತೊಳ್ಕೊಳ್ಳಿ" ಎಂದೆ. "ಬಟ್ಟೆ ಬದಲಾಯಿಸಿ. ಆಮೇಲೆ ಇವನ್ನೆಲ್ಲ ಸುರಿಯೋಣ."

ಮಗುವನ್ನು ಮಲಗಿಸಿ ಬಂದೆ. ಇಬ್ಬರೂ ಜಾಡಿಗಳನ್ನು ಒಂದೊಂದಾಗಿ ಬಚ್ಚಲಿಗೆ ಹೊತ್ತೆವು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಅತ್ತೆ ಹಾಗೇ ನಿಂತಿದ್ದರು. ಕಿತ್ತಳೆ ಸುರಿದೆ, ಈರುಳ್ಳಿ ಸುರಿದೆ. ಕೋಸಿನ ಜಾಡಿ ಬಗ್ಗಿಸಿದಾಗ ಎಲೆಗಳು ಗಟ್ಟಿಯಾಗಿ ಒಂದೇ ಮುದ್ದೆಯಾಗಿ ಜಾರಿ ಬಿದ್ದವು. ನಾನು ಗೋಡೆ ಹಿಡಿದುಕೊಂಡೆ.

"ಹೇಗಿದೆ?" ಎಂದು ಅತ್ತೆ ಕೇಳಿದರು.

"ಹೇಗಿದೆ ಅಂದ್ರೆ? ಹೊಲಸಾಗಿದೆ!"

"ಹೊಲಸು ಅಂದ್ರೆ ಸಾಲದು. ಯಾವ ಥರದ ಹೊಲಸು? ಸರಿಯಾಗಿ ಬೈ."

ತಮಾಷೆ ಮಾಡುತ್ತಿದ್ದಾರೇನೋ ಎಂದು ನೋಡಿದೆ. ಇಲ್ಲ. ಹಸಿದವರು ಊಟದ ಸುದ್ದಿ ಕೇಳುವ ಹಾಗೆ ಕೇಳುತ್ತಿದ್ದರು.

"ಒದ್ದೆ ಕಾಲುಚೀಲ" ಎಂದೆ. "ವಾರಗಟ್ಟಲೆ ಬೂಟೊಳಗೆ ಇದ್ದದ್ದು. ಅದನ್ನ ಯಾರೋ ಹಿಂಡಿ ಹಿಂಡಿ ಕುದಿಸಿದ ಹಾಗೆ."

"ಹಾಂ." ಅತ್ತೆ ತಲೆಯಾಡಿಸಿದರು. "ಅದು ಗೊತ್ತು ನಂಗೆ. ನಿನ್ನ ಗಂಡ ಶಾಲೆಗೆ ಹೋಗ್ತಿದ್ದಾಗಿನ ಬೂಟು. ಇನ್ನೊಂದು?"

ಕೊನೆಗೆ ಮೊಟ್ಟೆ ಚಿಪ್ಪಿನ ಜಾಡಿ. ಸುರಿದ ಕೂಡಲೇ ನನ್ನ ಕಣ್ಣಲ್ಲಿ ನೀರು ಬಂತು, ನಾನು ಬಗ್ಗಿ ಅಲ್ಲೇ ಕಕ್ಕಿದೆ. ಅತ್ತೆ ಬೆನ್ನು ನೀವಿದರು. ಬಾಯಿ ಮುಕ್ಕಳಿಸಿ ಎದ್ದ ಮೇಲೆ ಬೈದೆ. ಮದುವೆಯಾದಾಗಿನಿಂದ ಅತ್ತೆಗೆ ಹೇಳದೆ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ ಬೈದೆ. ಕೆಟ್ಟ ಹಲ್ಲಿನ ಸಂದಿ ಎಂದೆ, ಕೀವಿನ ಬ್ಯಾಂಡೇಜು ಎಂದೆ, ನಮ್ಮ ಲ್ಯಾಬಿನಲ್ಲಿ ಫ್ರಿಜ್ಜು ಕೆಟ್ಟು ರಜೆ ಮುಗಿದ ಮೇಲೆ ಬಾಗಿಲು ತೆಗೆದ ದಿನ ಎಂದೆ. ಒಂದೊಂದಕ್ಕೂ ಅತ್ತೆ ಕಣ್ಣು ಕಿರಿದಾಗಿಸಿ ಏನನ್ನೋ ನೆನಪಿಸಿಕೊಳ್ಳುತ್ತಿದ್ದರು. ಒಮ್ಮೆ ಥೂ ಎಂದು ಮುಖ ಹಿಂಡಿದರು. ಆಮೇಲೆ ನಗುತ್ತ ಗೋಡೆಗೆ ಒರಗಿದರು, ನಗುವಿನ ಮಧ್ಯೆ ಕಣ್ಣೊರೆಸಿಕೊಂಡರು. ನನಗೂ ನಗು ಬಂತು, ಅದರ ಹಿಂದೆಯೇ ಓಕರಿಕೆಯೂ ಬಂತು.

ಬಚ್ಚಲನ್ನು ಬಿಸಿನೀರು, ಸೋಡಾ ಹಾಕಿ ಉಜ್ಜಿದೆವು. ಆಮೇಲೆ ನಾನು ಕೂತು ಹೇಳಿದೆ. "ಸೋಮವಾರ ನಾನು ಹೋಗ್ಬೇಕು ಅಂದ್ರೆ ಎರಡು ಕೆಲಸ ಆಗ್ಬೇಕು ಅತ್ತೆ. ನಿಮ್ಮ ಮಗನಿಗೆ ನೀವೇ ಹೇಳ್ಬೇಕು. ಇನ್ನೊಂದು, ಹಾಲು ಕೆಟ್ಟಿದೆಯಾ, ಗ್ಯಾಸು ಬಿಟ್ಟಿದೆಯಾ ಅಂತ ಮೂಸಿ ನೋಡೋಕೆ ಹಗಲಲ್ಲಿ ಒಂದು ಮೂಗು ಬೇಕು. ಕೆಳಮನೇಲಿ ಒಂದಿದೆ."

"ಆ ಮೇಷ್ಟ್ರಾ?" ಅತ್ತೆ ನೆಟ್ಟಗಾದರು. "ನಾನು ಜಪ್ಪಯ್ಯ ಅಂದ್ರೂ ಅವರ ಹತ್ರ ಹೋಗಲ್ಲ. ಅವರ ಮೂಗು ಕೆಟ್ಟಿದೆ ಅಂತ ಮುಖದ ಮೇಲೆ ಅಂದಿದೀನಿ."

"ಹಾಗಾದ್ರೆ ನಾನು ಕೆಲಸ ಬಿಡ್ತೀನಿ."

ಬೆದರಿಕೆಗೆ ಹೇಳಿದ್ದಲ್ಲ. ನಿಜವಾಗಿಯೂ ಬಿಡುತ್ತಿದ್ದೆ, ಬಿಟ್ಟು ಜೀವನವಿಡೀ ಅವರನ್ನು ದೂರುತ್ತಿದ್ದೆ. ಅದು ಅವರಿಗೂ ಗೊತ್ತಾಯಿತೆಂದು ಕಾಣುತ್ತದೆ.

ಆ ಸಂಜೆ ಮಗನಿಗೆ ಹೇಳಿದರು. ಅವನು ಮೊದಲು ನಂಬಲಿಲ್ಲ. ಆಮೇಲೆ ಅಮ್ಮನ ಮುಂದೆ ಕೂತು, "ನಾನು ದಿನಾ ಭೇಷಾಗಿದೆ ಅಂತಿದ್ದೆನಲ್ಲಮ್ಮ" ಎಂದು ತಲೆ ತಗ್ಗಿಸಿದ.

"ನೀನೊಬ್ಬ ನಿಜ ಹೇಳಿದ್ರೆ ಈರುಳ್ಳಿಗೇ ನಿಲ್ಲಿಸ್ತಿದ್ದೆ" ಎಂದರು ಅತ್ತೆ.

ಭಾನುವಾರ ಕೆಳಗೆ ಹೋದರು. ಒಬ್ಬರೇ ಹೋಗುತ್ತೇನೆ ಎಂದರು. ನಾನು ಮೆಟ್ಟಿಲ ತಿರುವಿನಲ್ಲಿ ಮಗುವನ್ನು ಎತ್ತಿಕೊಂಡು ಕೇಳುತ್ತ ನಿಂತೆ. "ನಿಮ್ಮ ಮೂಗು ಸರಿಯಾಗಿದೆ ಮೇಷ್ಟ್ರೇ, ನಂದು ಹೋಗಿದೆ" ಎಂದು ಅವರು ಹೇಳಿದ್ದು ಕೇಳಿಸಿತು. ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು. ಆಮೇಲೆ ಮೇಷ್ಟ್ರ ದನಿ, "ಹತ್ತು ಗಂಟೆಗೆ ಒಂದ್ಸಲ ಬರ್ತೀನಿ, ಊಟ ಆದ್ಮೇಲೆ ಒಂದ್ಸಲ. ಮಗುದು ಮಾತ್ರ ನಾನು ಮೂಸಲ್ಲ, ಅದು ನಿಮ್ಮ ಕಣ್ಣಿಗೇ ಬಿಟ್ಟಿದ್ದು." ಮೇಲೆ ಬಂದಾಗ ಅತ್ತೆಯ ಮುಖ ಕೆಂಪಗಿತ್ತು.

ಸೋಮವಾರ ಬೆಳಗ್ಗೆ ಹೊರಟೆ. ಮನೆಯ ನಾತ ಇನ್ನೂ ಪೂರ್ತಿ ಹೋಗಿರಲಿಲ್ಲ, ಪರದೆಗಳಲ್ಲಿ ಉಳಿದುಕೊಂಡಿತ್ತು. ಚಪ್ಪಲಿ ಮೆಟ್ಟುವಾಗ ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು.

"ಹೋಗೋ ಮುಂಚೆ ಇವಳ ನೆತ್ತಿ ಒಂದ್ಸಲ ಮೂಸಿ ಹೇಳು."

"ಏನಂತ ಹೇಳ್ಲಿ?"

"ಏನಿದೆಯೋ ಅದನ್ನ. ಜಾಡಿಗಳದ್ದು ಹೇಳಿದೆಯಲ್ಲ, ಹಾಗೆ. ಚಂದ ಮಾಡಿ ಹೇಳ್ಬೇಡ."

ಹೂವು, ಬೆಣ್ಣೆ ಎಂದು ಹೇಳಿ ಹೋಗುವುದು ಸುಲಭವಿತ್ತು, ಬಸ್ಸಿಗೂ ಹೊತ್ತಾಗಿತ್ತು. ನಾನು ಬಗ್ಗಿ ಮಗಳ ತಲೆಗೆ ಮೂಗಿಟ್ಟೆ. ಕೂದಲೊಳಗೆ ಮೂಗು ಆಡಿಸಿದೆ, ಕತ್ತಿನ ಮಡಿಕೆಗೆ ಇಳಿದೆ.

"ಕಕ್ಕಿದ ಹಾಲು" ಎಂದೆ. "ಕೂದಲ ಬುಡದಲ್ಲಿ ಒಣಗಿದೆ, ಒಡೆದ ಹಾಲಿನ ಪಾತ್ರೆ ತಳದ ಹಾಗೆ. ಬೆವರು, ಸ್ವಲ್ಪ ಹುಳಿ. ಕತ್ತಿನ ಮಡಿಕೇಲಿ ಜೊಲ್ಲು ಕೂತು ಮುಗ್ಗಲಾಗಿದೆ. ಕಿವಿ ಹಿಂದೆ ಕೊಳೆ ಇದೆ, ನೆನ್ನೆ ಸ್ನಾನದಲ್ಲಿ ಹೋಗಿಲ್ಲ. ಅದು ಹಳೇ ಚೀಸಿನ ಹಾಗೆ, ಮೂಗಿಗೆ ಹೊಡೆಯತ್ತೆ. ಥೂ."

ಅತ್ತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಎರಡೂ ಕಿವೀಲಾ?"

ಮತ್ತೆ ಬಗ್ಗಿ ನೋಡಿದೆ. "ಎಡಗಡೆ ಜಾಸ್ತಿ."

"ನಿನ್ನ ಗಂಡನಿಗೂ ಕೂಸಾಗಿದ್ದಾಗ ಎಡಗಡೆನೇ ಜಾಸ್ತಿ ಇತ್ತು" ಎಂದರು. ಮಗುವನ್ನು ಮೇಲೆತ್ತಿ ಅದರ ಎಡಕಿವಿಯ ಹಿಂದೆ ಮೂಗು ಒತ್ತಿದರು, ಎದೆ ತುಂಬ ಉಸಿರೆಳೆದುಕೊಂಡರು. ಅವರಿಗೆ ಏನೂ ಬರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಆ ಉಸಿರನ್ನು ಅವರು ತುಂಬ ಹೊತ್ತು ಹೊರಗೆ ಬಿಡಲಿಲ್ಲ.